ಅಜ್ಜಿಯ ಹೊಸ ಮೊಣಕಾಲಿಗೆ, ಅವರ ಹಳೆಯ ಕಾಲಿನಿಂದ

ಮಾನ್ಯ ಎಡ ಮೊಣಕಾಲಿನವರೇ,

ಮೂರನೆಯ ಮಹಡಿಯ ಕಿಟಕಿಯ ಬಳಿಯಿಂದ ತಮಗೆ ಸವಿನಯ ವಂದನೆಗಳು. ತಾವು ಕ್ಷೇಮವಾಗಿದ್ದೀರೆಂದು ಬಲ್ಲೆ. ತಮ್ಮ ಕ್ಷೇಮಸಮಾಚಾರವನ್ನು ನಮ್ಮ ಅಜ್ಜಿ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ದಿನವೂ ನಡೆದೇ ತೋರಿಸುತ್ತಿರುವುದರಿಂದ, ಬಾಯಿಬಿಟ್ಟು ಕೇಳುವ ಅಗತ್ಯ ಯಾರಿಗೂ ಉಳಿದಿಲ್ಲ. ತಮಗೆ ಗುಟ್ಟಾಗಿ ಪತ್ರ ತಲುಪಿಸುವ ದಾರಿಯೂ ಇಲ್ಲ, ತಾವಿರುವುದು ಅಜ್ಜಿಯ ಚರ್ಮದ ಕೆಳಗೆ. ಆದ್ದರಿಂದ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಮೊದಲಿಗೆ ನನ್ನ ಕೈಬರಹಕ್ಕೂ ಕಾಗುಣಿತಕ್ಕೂ ಕ್ಷಮೆಯಿರಲಿ. ನಾನು ಓದಿದ್ದು ಪ್ರಾಥಮಿಕ ಶಾಲೆ ಮುಗಿಯುವವರೆಗೆ. ಆಮೇಲೆ ಬರೆದದ್ದೆಲ್ಲ ಬಟ್ಟೆಯ ಮೇಲೆ, ಸೀಮೆಸುಣ್ಣದಲ್ಲಿ, 'ಇಲ್ಲಿ ಮಡಚಿ', 'ಅರ್ಧ ಇಂಚು ಬಿಡಿ' ಎನ್ನುವಷ್ಟು. ಬಟ್ಟೆಯ ಮೇಲೆ ಬರೆಯುವವರ ಅಕ್ಷರ ದಪ್ಪವಾಗಿರುತ್ತದೆ, ಕೊಡವಿದರೆ ಹೋಗಿಬಿಡುತ್ತದೆ. ಹೀಗಾಗಿ ನನ್ನ ತಪ್ಪುಗಳನ್ನು ಇದುವರೆಗೆ ಯಾರೂ ಹಿಡಿದಿಲ್ಲ.

ಪತ್ರ ಬರೆಯುವ ರೀತಿಯನ್ನು ಕಲಿತದ್ದು ಕಾಗದದ ತೋಳುಗಳಿಂದ. ನಮ್ಮದು ಹೊಲಿಗೆ ಅಂಗಡಿ. ಬಟ್ಟೆಗೆ ಕತ್ತರಿ ಹಾಕುವ ಮೊದಲು ಹಳೆಯ ಪತ್ರಿಕೆಯಲ್ಲಿ ತೋಳು, ಕಾಲರು, ಬೆನ್ನು ಎಲ್ಲವನ್ನೂ ಅಳತೆಗೆ ಕತ್ತರಿಸಿ ಇಟ್ಟುಕೊಳ್ಳುವುದು ವಾಡಿಕೆ. ಲೋಕದ ಸುದ್ದಿ ನನ್ನನ್ನು ತಲುಪುವುದು ಆ ಆಕಾರದಲ್ಲಿಯೇ. ಓದುಗರ ಪತ್ರಗಳ ಪುಟ ಹೆಚ್ಚಾಗಿ ತೋಳಿನ ಪಾಲಾಗುತ್ತದೆ. 'ಮಾನ್ಯರೇ' ಎಂದು ಶುರುವಾಗಿ, ಚರಂಡಿಯ ಬಗ್ಗೆಯೋ ಬಸ್ಸಿನ ಬಗ್ಗೆಯೋ ಬಹಳ ಮರ್ಯಾದೆಯಿಂದ ಸಿಟ್ಟೇರುತ್ತಾ ಹೋಗಿ, ಸರಿಯಾಗಿ ಕಂಕುಳಿನ ತಿರುವಿನಲ್ಲಿ ಕತ್ತರಿಗೆ ಸಿಕ್ಕಿ ನಿಂತುಬಿಡುತ್ತದೆ. ಆ ಚರಂಡಿಗಳೆಲ್ಲ ಕೊನೆಗೆ ರಿಪೇರಿಯಾದವೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು. ಹಾಗಾಗಿ ದೂರನ್ನು ಹೇಗೆ ಆರಂಭಿಸಬೇಕೆಂದು ಚೆನ್ನಾಗಿ ಗೊತ್ತು, ಹೇಗೆ ಮುಗಿಸಬೇಕೆಂದು ಅಷ್ಟಾಗಿ ಗೊತ್ತಿಲ್ಲ. ತಾವು ದೊಡ್ಡ ಮನಸ್ಸು ಮಾಡಿ ಹೊಂದಿಕೊಳ್ಳಬೇಕು.

ಇನ್ನು ನನ್ನ ಪರಿಚಯ. ತಾವೀಗ ಕೂತಿರುವ ಹುದ್ದೆಯಲ್ಲಿ ತಮಗಿಂತ ಮೊದಲು ಇದ್ದವಳು ನಾನು. ಅಜ್ಜಿಯ ಮೊಮ್ಮಗಳು ಎಂಬುದು ಹುಟ್ಟಿನಿಂದ ಬಂದದ್ದು, ಅಜ್ಜಿಯ ಕಾಲು ಎಂಬುದು ದುಡಿದು ಸಂಪಾದಿಸಿದ್ದು. ಬೀದಿಯಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರೇ ಇಲ್ಲ. ಬ್ರೆಡ್ಡಿನ ಅಂಗಡಿಯವರು, ಔಷಧಿ ಅಂಗಡಿಯವರು, ದಾರ ಗುಂಡಿ ಮಾರುವವರು ಎಲ್ಲರೂ, "ಏನಮ್ಮಾ ಕಾಲು, ಅಜ್ಜಿ ಏನು ಹೇಳಿ ಕಳಿಸಿದ್ರು?" ಎಂದೇ ಕೇಳುತ್ತಿದ್ದರು. ಆ ಹುದ್ದೆಯಿಂದ ನನ್ನನ್ನು ಮುನ್ಸೂಚನೆ ಕೊಡದೆ ತೆಗೆದುಹಾಕಲಾಗಿದೆ. ಅದೇ ನನ್ನ ದೂರು. ಮುಂದಿನದೆಲ್ಲ ಅದರ ವಿವರ.

ನಮ್ಮ ಅಂಗಡಿಯನ್ನು ಕಟ್ಟಿದವರು ಅಜ್ಜಿ. ಕಾಲಿನಿಂದ ತುಳಿಯುವ ಯಂತ್ರದ ಮುಂದೆ ಒಂದು ಆಯಸ್ಸು ಕಳೆದವರು. ಒಂಬತ್ತು ವರ್ಷದ ಹಿಂದೆ ಅವರ ಹುಟ್ಟುಮೊಣಕಾಲು, ಅಂದರೆ ತಮ್ಮ ಪೂರ್ವಾಧಿಕಾರಿಗಳು, ಸವೆದು ಸವೆದು, ಇನ್ನು ಮೆಟ್ಟಿಲು ಇಳಿಯುವುದಿಲ್ಲವೆಂದು ಹಟ ಹಿಡಿದರು. ಮನೆ ಇರುವುದು ಮೂರನೆಯ ಮಹಡಿಯಲ್ಲಿ, ಅಂಗಡಿ ಇರುವುದು ನೆಲದ ಮಟ್ಟದಲ್ಲಿ, ಲಿಫ್ಟು ಇರುವುದು ಎದುರಿನ ಕಟ್ಟಡದಲ್ಲಿ. ಕತ್ತರಿ ಅಪ್ಪನ ಕೈಗೆ ಹೋಯಿತು, ಗುಂಡಿ ಮತ್ತು ಕಾಜ ಅಮ್ಮನ ಕೈಗೆ. ಅಜ್ಜಿ ಸುಮ್ಮನೆ ಕೂರಲಿಲ್ಲ. ಕಿಟಕಿಯ ಪಕ್ಕ ಕುರ್ಚಿ ಹಾಕಿಸಿಕೊಂಡು, ಹಗ್ಗಕ್ಕೊಂದು ಬುಟ್ಟಿ ಕಟ್ಟಿ ಕೆಳಗಿಳಿಸಿದರು. ಹೊಲಿದು ಮುಗಿದ ಒಂದೊಂದು ಬಟ್ಟೆಯೂ ಗಿರಾಕಿಯ ಕೈ ಸೇರುವ ಮೊದಲು ಆ ಬುಟ್ಟಿಯಲ್ಲಿ ಕೂತು ಮೇಲೆ ಹೋಗಿ, ಅಜ್ಜಿಯ ಕಣ್ಣಿಗೆ ಬಿದ್ದು, ಪಾಸಾಗಿ ಇಳಿದು ಬರಬೇಕು. ಬಟ್ಟೆಯನ್ನು ಬುಟ್ಟಿ ಹೊರುತ್ತಿತ್ತು. ಮಾತನ್ನು ನಾನು ಹೊರುತ್ತಿದ್ದೆ.

ಆಗಷ್ಟೇ ನನ್ನ ಪ್ರಾಥಮಿಕ ಶಾಲೆ ಮುಗಿದಿತ್ತು. ಮುಂದಿನ ಶಾಲೆ ಬಹಳ ದೊಡ್ಡದು, ಮೊದಲ ದಿನವೇ ಎಲ್ಲರ ಮುಂದೆ ಎದ್ದು ನಿಂತು ತನ್ನ ಹೆಸರನ್ನು ತಾನೇ ಗಟ್ಟಿಯಾಗಿ ಹೇಳಬೇಕಂತೆ ಎಂದು ಕೇಳಿ, ಹೋಗುವುದೇ ಇಲ್ಲವೆಂದು ಬಾಗಿಲ ಚಿಲಕ ಹಿಡಿದು ನಿಂತಿದ್ದೆ. ಅಜ್ಜಿಗೆ ಕಾಲು ಬೇಕಿತ್ತು, ನನಗೆ ಅಡಗಿಕೊಳ್ಳಲು ಜಾಗ ಬೇಕಿತ್ತು. ಒಂದೇ ಒಂದು ವರ್ಷದ ಮಟ್ಟಿಗೆ ಎಂದು ಎಲ್ಲರೂ ಒಪ್ಪಿದರು. ಆ ವರ್ಷಕ್ಕೆ ಯಾರೂ ಗಂಟು ಹಾಕಲಿಲ್ಲವಾದ್ದರಿಂದ ಅದು ದಾರದ ಉಂಡೆಯ ಹಾಗೆ ಉರುಳುತ್ತಾ ಹೋಯಿತು.

ಈ ಹುದ್ದೆಯೆಂದರೆ ಬರೀ ಹತ್ತಿ ಇಳಿಯುವ ಕೆಲಸವಲ್ಲ ಎಂಬುದನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ. ತಮ್ಮನ್ನು ಅಲ್ಲಿ ಕೂರಿಸಿದ ಡಾಕ್ಟರು ಇದನ್ನು ತಮಗೆ ಹೇಳಿರಲಾರರು. ಅಜ್ಜಿ ಮೇಲಿನಿಂದ, "ಈ ಕಾಲರ್ ಹೊಲಿದೋನಿಗೆ ಕುತ್ತಿಗೆ ಅಂದ್ರೆ ಏನು ಅಂತ ಗೊತ್ತಾ? ದೀಪದ ಕಂಬಕ್ಕೆ ಹೊಲಿದ ಹಾಗಿದೆ, ಹೋಗಿ ಹೇಳು ಅವನಿಗೆ!" ಎಂದರೆ, ನಾನು ಮೆಟ್ಟಿಲು ಇಳಿಯುವಷ್ಟರಲ್ಲಿ ಅದನ್ನು ಚೆನ್ನಾಗಿ ಸೋಸಿ, "ಅಪ್ಪಾ, ಕಾಲರ್ ಒಂಚೂರು ಸಡಿಲ ಮಾಡಿದ್ರೆ ಇನ್ನೂ ಚೆನ್ನಾಗಿರುತ್ತೆ ಅಂದ್ರು ಅಜ್ಜಿ" ಎಂದು ಒಪ್ಪಿಸುತ್ತಿದ್ದೆ. ಅಪ್ಪ, "ಕುರ್ಚಿ ಮೇಲೆ ಕೂತ್ಕೊಂಡು ಹೇಳೋದು ಸುಲಭ. ಕಣ್ಣಿಗೆ ಪೊರೆ ಬಂದಿದೆಯೋ ಏನೋ, ಕೇಳು ಹೋಗು!" ಎಂದು ರೇಗಿದರೆ, ನಾನು ಮೇಲೆ ಹತ್ತುವಷ್ಟರಲ್ಲಿ ಅದು, "ಆಗಲಿ ಅಂದ್ರು ಅಪ್ಪ. ನಿಮ್ಮ ಕಣ್ಣು ಹೇಗಿದೆ ಅಂತಾನೂ ವಿಚಾರಿಸಿದ್ರು" ಎಂದಾಗಿರುತ್ತಿತ್ತು. ನಮ್ಮ ಮನೆಯಲ್ಲಿ ತಾಯಿಗೂ ಮಗನಿಗೂ ಇದ್ದ ವಿನಯವನ್ನು ತೋರಿಸಿ ನೆಂಟರು ತಮ್ಮ ಮಕ್ಕಳಿಗೆ ಬುದ್ಧಿ ಹೇಳುತ್ತಿದ್ದರು. ತಾವು ಲೋಹದವರು, ನಯವಾಗಿ ಬಾಗುತ್ತೀರಿ, ಸದ್ದಿಲ್ಲದೆ ತಿರುಗುತ್ತೀರಿ, ಒಪ್ಪುತ್ತೇನೆ. ಆದರೆ ತಾವು ಅಜ್ಜಿಯನ್ನು ಹೊತ್ತೊಯ್ಯುತ್ತೀರೇ ಹೊರತು ಅವರ ಮಾತನ್ನು ಸೋಸುವುದಿಲ್ಲ. ಈ ಅರ್ಹತೆಯನ್ನು ಪರೀಕ್ಷಿಸದೆಯೇ ತಮ್ಮ ನೇಮಕಾತಿ ನಡೆದಿದೆ.

ನೇಮಕಾತಿಗೆ ಶಿಫಾರಸು ಮಾಡಿದವರು ಎದುರು ಕಟ್ಟಡದಲ್ಲಿ ಗಡಿಯಾರ ರಿಪೇರಿ ಮಾಡುವ ಹಿರಿಯರು. ಎದೆಬಡಿತ ತಪ್ಪದ ಹಾಗೆ ನೋಡಿಕೊಳ್ಳುವ ಪುಟ್ಟ ಯಂತ್ರವೊಂದು ಅವರ ಎದೆಯೊಳಗಿದೆ, ಅದಕ್ಕೊಂದು ಬ್ಯಾಟರಿಯಿದೆ, ಆದ್ದರಿಂದ ಅವರು ಬೀದಿಗೆಲ್ಲ ಬ್ಯಾಟರಿ ತಾತ. ಅವರ ಕಿಟಕಿಗೂ ನಮ್ಮ ಕಿಟಕಿಗೂ ನಡುವೆ ಬೀದಿಯೊಂದೇ ಅಡ್ಡ. "ಇನ್ನೆಷ್ಟು ದಿನ ಇರ್ತೀನಿ ಅಂತ ಈ ಕಾಲಿಗೆ ಹೊಸ ಸಾಮಾನು ಹಾಕಿಸ್ಲಿ?" ಎಂದು ಅಜ್ಜಿ ಕಿಟಕಿಯಲ್ಲಿ ಕೂತು ಎಂದಿನಂತೆ ಹಾಡು ಶುರು ಮಾಡಿದಾಗ, ತಾತ ಕಣ್ಣಿನ ಭೂತಗನ್ನಡಿ ತೆಗೆದು, "ಈ ಮಾತು ನೀವು ಶುರು ಮಾಡಿ ಒಂಬತ್ತು ವರ್ಷ ಆಯ್ತು. ಅಷ್ಟೂ ದಿನ ಇದ್ದೇ ಇದ್ರಲ್ಲ, ಓಡಾಡ್ಕೊಂಡಾದ್ರೂ ಇರಬಹುದಿತ್ತು" ಎಂದರು. ಅಜ್ಜಿ ಕಿಟಕಿಯನ್ನು ಪಟಾರೆಂದು ಮುಚ್ಚಿದರು. ಮರುದಿನ ಅವರೇ ತೆರೆದು, "ರೀ, ಆ ಆಪರೇಷನ್ ಮಾಡೋ ಡಾಕ್ಟರು ಅಳತೆ ಸರಿಯಾಗಿ ತಗೋತಾರೇನ್ರಿ?" ಎಂದು ಕೇಳಿದರು.

ಬ್ರೆಡ್ಡಿನ ಅಂಗಡಿಯ ಇಬ್ಬರು ಗಟ್ಟಿಯಾಳುಗಳು ಅಜ್ಜಿಯನ್ನು ಕುರ್ಚಿಸಮೇತ ಎತ್ತಿಕೊಂಡು ಇಳಿಸಿದರು, ಆಪರೇಷನ್ ಮುಗಿದ ಕೆಲವು ದಿನಗಳ ಮೇಲೆ ತಮ್ಮೊಂದಿಗೆ ಎತ್ತಿಕೊಂಡು ಬಂದರು. ಅಲ್ಲಿಯವರೆಗೆ ನನಗೆ ತಮ್ಮ ಮೇಲೆ ಯಾವ ಅಸಮಾಧಾನವೂ ಇರಲಿಲ್ಲ. ತಾವು ಹೊಸಬರು, ಸ್ವಲ್ಪ ಕಾಲ ಕಲಿಯುತ್ತೀರಿ, ಮೆಟ್ಟಿಲಿನ ಕೆಲಸ ಹೇಗಿದ್ದರೂ ನನ್ನ ಬಳಿಯೇ ಉಳಿಯುತ್ತದೆ ಎಂದುಕೊಂಡಿದ್ದೆ.

ಎಡವಟ್ಟಾದದ್ದು ಆಸ್ಪತ್ರೆಯಿಂದ ಕಳಿಸುವಾಗ ಡಾಕ್ಟರು ಸಮಾಧಾನಕ್ಕೆಂದು ಹೇಳಿದ ಒಂದು ಮಾತಿನಿಂದ. "ಚೆನ್ನಾಗಿ ನೋಡ್ಕೊಂಡ್ರೆ ಇದು ಇಪ್ಪತ್ತು ವರ್ಷ ಬಾಳಿಕೆ ಬರುತ್ತೆ ಅಜ್ಜಿ" ಎಂದರು ಅವರು. ಜೀವಮಾನದಲ್ಲಿ ಗೇಣು ಬಟ್ಟೆ ಹಾಳು ಮಾಡದ ಕೈ ಅಜ್ಜಿಯದು, ತುಂಡು ಉಳಿದರೆ ಅದರಿಂದ ಜೇಬು ಹೊಲಿದವರು. ಹಾಸಿಗೆಯಲ್ಲಿ ಮಲಗಿದ್ದವರು ತಲೆಯೆತ್ತಿ, "ನನಗೀಗ ಎಪ್ಪತ್ತೆಂಟು. ಅಂದ್ರೆ ತೊಂಬತ್ತೆಂಟರವರೆಗೂ ಇರಲೇಬೇಕಾಯ್ತಲ್ಲ! ಇಷ್ಟು ಒಳ್ಳೆ ಸಾಮಾನನ್ನ ಅರ್ಧ ಬಳಸಿ ಬಿಸಾಡೋಕಾಗುತ್ತಾ?" ಎಂದರು. ಡಾಕ್ಟರು ನಕ್ಕರು. ನಾವ್ಯಾರೂ ನಗಲಿಲ್ಲ, ನಮಗೆ ಅಜ್ಜಿ ಗೊತ್ತು. ಆಯಸ್ಸೆಂಬುದು ಅದುವರೆಗೆ ನಮ್ಮ ಮನೆಯಲ್ಲಿ ಹೇಗೋ ತನ್ನಷ್ಟಕ್ಕೆ ಸಾಗುತ್ತಿದ್ದ ಸಂಗತಿಯಾಗಿತ್ತು. ತಾವು ಬಂದ ಮೇಲೆ ಅದು ಹೇಳಿದ ಹೊತ್ತಿಗೆ ಮುಗಿಸಿಕೊಡಬೇಕಾದ ಆರ್ಡರ್ ಆಗಿಬಿಟ್ಟಿದೆ.

ವ್ಯಾಯಾಮ ಹೇಳಿಕೊಡಲು ಬರುತ್ತಿದ್ದ ಅಕ್ಕನಿಗೂ ತಮ್ಮಿಂದ ಆದ ತೊಂದರೆ ಸಣ್ಣದಲ್ಲ. "ಹತ್ತುವಾಗ ಒಳ್ಳೆ ಕಾಲು ಮೊದಲು ಇಡಿ, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು ಇಡಿ" ಎಂದು ಆಕೆ ಪಾಠ ಹೇಳಿದರೆ, ಅಜ್ಜಿ ತಮ್ಮನ್ನೂ ಬಲಗಡೆಯವರನ್ನೂ ಒಮ್ಮೆ ತಟ್ಟಿ, "ಒಳ್ಳೆ ಕಾಲು ಅಂದ್ರೆ ಯಾವುದು? ಇಬ್ಬರ ಎದುರಿಗೇ ಹೇಳಿಬಿಡಮ್ಮ, ಆಮೇಲೆ ಇವರಲ್ಲಿ ಜಗಳ ಬೇಡ" ಎಂದರು. ಅಕ್ಕ ದಿನಕ್ಕಿಷ್ಟು ಬಾಗಿಸಿ ಎಂದು ಹೇಳಿ ಹೋಗುವುದು, ಅಜ್ಜಿ ಕುರ್ಚಿಯಲ್ಲಿ ಕೂತು ಹಿಮ್ಮಡಿಯನ್ನು ಹಿಂದಕ್ಕೆ ಎಳೆದು, ಎಲ್ಲಿಯವರೆಗೆ ಬಂತೋ ಅಲ್ಲಿ ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಹಾಕುವುದು. ನೋವಿಗೆ ಕಣ್ಣಲ್ಲಿ ನೀರು ಬರುತ್ತಿತ್ತು, ಗೆರೆ ಮಾತ್ರ ಒಂದು ದಿನವೂ ಹಿಂದಿನ ದಿನದ ಗೆರೆಯನ್ನು ದಾಟದೆ ಇರಲಿಲ್ಲ. ಕುರ್ಚಿಯ ಕೆಳಗಿನ ನೆಲ ಕತ್ತರಿಗೆ ಸಿದ್ಧವಾದ ಕೋಟಿನ ಬಟ್ಟೆಯ ಹಾಗೆ ಕಾಣತೊಡಗಿತು. ಒರೆಸಲು ಹೋದ ಅಮ್ಮನಿಗೆ, "ಅದನ್ನ ಮುಟ್ಟಬೇಡ, ಇನ್ನೂ ಕಟಿಂಗ್ ಆಗಿಲ್ಲ" ಎಂಬ ಉತ್ತರ ಸಿಕ್ಕಿತು.

ಹಾಗೆ ಒಂದು ಮಧ್ಯಾಹ್ನ ತಾವು ಆ ಘೋರ ಕೃತ್ಯವನ್ನು ಎಸಗಿದಿರಿ. ಅಜ್ಜಿ ನನ್ನ ಕೈಗೆ ಹಗ್ಗ ಕೊಟ್ಟು, "ನೀನು ಬುಟ್ಟಿ ಎಳೀತಿರು, ಈಗ ಬಂದೆ" ಎಂದು ಎದ್ದರು. ಬಚ್ಚಲಿಗೆ ಹೋಗಿರಬೇಕೆಂದು ನಾನು ಹಗ್ಗ ಎಳೆಯುತ್ತಿದ್ದೆ. ಬುಟ್ಟಿಯಲ್ಲಿ ಒಂದು ಕೋಟು ಮೇಲೆ ಬಂತು. ಬಗ್ಗಿ ನೋಡಿದರೆ ಕೆಳಗೆ ಅಂಗಡಿಯ ಹೊಸ್ತಿಲಲ್ಲಿ ಅಜ್ಜಿಯ ನೆರೆತ ತಲೆ!

ಒಂಬತ್ತು ವರ್ಷದಲ್ಲಿ ಅಂಗಡಿ ತನ್ನ ಪಾಡಿಗೆ ತಾನು ಬದಲಾಗಿತ್ತು. ಕರೆಂಟಿನ ಯಂತ್ರಗಳು ಬಂದಿದ್ದವು. ಅಜ್ಜಿಯ ತುಳಿಯುವ ಯಂತ್ರ ಮೂಲೆ ಸೇರಿ, ಅದರ ಮೇಲೆ ನೀರಿನ ಕ್ಯಾನು, ಟೀ ಲೋಟಗಳು, ಅಪ್ಪನ ಊಟದ ಡಬ್ಬಿ ಎಲ್ಲ ನೆಮ್ಮದಿಯಾಗಿ ಸಂಸಾರ ಹೂಡಿದ್ದವು. ಬೀದಿಯೆಲ್ಲ ಕೇಳುವ ಹಾಗೆ ಅಜ್ಜಿಯ ಮೊದಲ ಮಾತು, ಸೋಸದ ಮಾತು, ಹೊರಬಿತ್ತು: "ಲೋ, ಇದು ಹೊಲಿಗೆ ಮಿಷನ್ನೋ, ಕ್ಯಾಂಟೀನೋ?"

ಅಪ್ಪನ ಬಾಯಲ್ಲಿ ಗುಂಡುಸೂಜಿಗಳಿದ್ದವು. ಅವನ್ನು ಉಗಿದು, "ಅಮ್ಮ! ನೀನು ಹೇಗೆ ಬಂದೆ?" ಎಂದರು.

"ನಡ್ಕೊಂಡು. ಅದಿರಲಿ, ಮೇಲೆ ಹೋಯ್ತಲ್ಲ ಆ ಕೋಟು, ಅದರ ಭುಜ ಯಾಕೋ ಒಂದು ಕಡೆ ಜೋತುಬಿದ್ದಿದೆ?"

"ಜೋತುಬಿದ್ದಿರೋದು ಗಿರಾಕಿ ಭುಜ, ಕೋಟಿಂದಲ್ಲ!"

"ಅವನ ಭುಜ ಹಾಗಿದೆ ಅಂತ ತಾನೇ ಮುಚ್ಚಿಕೊಡು ಅಂತ ನಿನ್ನ ಹತ್ರ ಬಂದಿದ್ದು? ನೀನು ಎಲ್ಲರಿಗೂ ತೋರಿಸಿ ಕಳಿಸ್ತಿದ್ದೀಯಲ್ಲ!"

ಅಪ್ಪ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟರು. "ಇಷ್ಟು ವರ್ಷ ಮೇಲಿಂದ ಎಷ್ಟು ಮರ್ಯಾದೆಯಾಗಿ ಹೇಳಿ ಕಳಿಸ್ತಿದ್ದೆ. ಕೆಳಗೆ ಬಂದ ತಕ್ಷಣ ಹೀಗೆ ಬೈಯೋದಾ?" ಎಂದರು.

"ಮರ್ಯಾದೆಯಾ? ನಾನಾ? ನಿನಗೆ ತಾನೇ ದಿನಾ ಬೆಳಗಾದ್ರೆ ನನ್ನ ಕಣ್ಣಿನ ಚಿಂತೆ?"

ತಾಯಿ ಮಗ ಇಬ್ಬರೂ ಬೀದಿಗೆ ಬಂದು, ನಿಧಾನವಾಗಿ ತಲೆಯೆತ್ತಿ ಮೂರನೆಯ ಮಹಡಿಯ ಕಿಟಕಿಯನ್ನು ನೋಡಿದರು. ನಾನು ಹಗ್ಗ ಹಿಡಿದು ನಿಂತಿದ್ದೆ. ಆ ಕೋಟನ್ನು ಹೊದ್ದು ಬುಟ್ಟಿಯೊಳಗೆ ಕೂರುವಷ್ಟು ಚಿಕ್ಕವಳಾಗಿದ್ದರೆ ಎಷ್ಟು ಚೆನ್ನಾಗಿತ್ತು ಎನಿಸಿತು. ಅಂಗಡಿಯೊಳಗೆ ಅಮ್ಮ ಕಾಜ ಹಾಕುತ್ತಿದ್ದ ಅಂಗಿಯ ಮೇಲೆ ತಲೆಯಿಟ್ಟು ನಗುತ್ತಿದ್ದದ್ದು ಮೇಲಿನವರೆಗೂ ಕೇಳಿಸಿತು. ಅಮ್ಮನಿಗೆ ಮೊದಲಿನಿಂದಲೂ ಎಲ್ಲ ಗೊತ್ತಿತ್ತಂತೆ.

ಮನೆ ಮುರಿದು ಬೀಳುತ್ತದೆ, ಆಗ ತಮಗೆ ತಮ್ಮ ತಪ್ಪಿನ ಅರಿವಾಗುತ್ತದೆ ಎಂದು ನಾನು ಕಾದೆ. ಅದೂ ಆಗಲಿಲ್ಲ. ಅವರಿಬ್ಬರೂ ಈಗ ಅಂಗಡಿ ಬಾಗಿಲು ತೆಗೆದಾಗಿನಿಂದ ಮುಚ್ಚುವವರೆಗೆ ಎದುರೆದುರೇ ಜಗಳವಾಡುತ್ತಾರೆ, ಎದುರೆದುರೇ ಕೂತು ಹೊಟ್ಟೆತುಂಬ ಉಣ್ಣುತ್ತಾರೆ. ಅಪ್ಪ ಕತ್ತರಿಸುವಾಗ ಗುನುಗುವುದನ್ನು ನಾನು ಮೊದಲ ಬಾರಿಗೆ ಕೇಳಿದೆ. ಗಿರಾಕಿಗಳು ಅಂಗಿ ಪಡೆದ ಮೇಲೂ ಜಗಳದ ಕೊನೆ ಕೇಳಿಕೊಂಡು ಹೋಗೋಣವೆಂದು ನಿಲ್ಲುತ್ತಾರೆ. ಯಂತ್ರದ ಮೇಲಿದ್ದ ಲೋಟಗಳು ಸಂಸಾರ ಖಾಲಿ ಮಾಡಿದವು. ಅಜ್ಜಿ ಎಣ್ಣೆ ಬಿಟ್ಟು ಅದನ್ನು ತಮ್ಮಿಂದ ತುಳಿಸುತ್ತಿದ್ದಾರೆ. ಬಂದು ನೋಡಿದ ವ್ಯಾಯಾಮದ ಅಕ್ಕ, "ನಾನು ಹೇಳಿಕೊಟ್ಟಿದ್ದಕ್ಕಿಂತ ಇದೇ ವಾಸಿ" ಎಂದು ಕೈಮುಗಿದು ಹೋದರು. ನಾನು ಅಷ್ಟು ವರ್ಷ ಸೋಸಿ ಸೋಸಿ ಉಳಿಸಿದ್ದ ಶಾಂತಿಯನ್ನು ತಾವು ಒಂದು ಮಧ್ಯಾಹ್ನದಲ್ಲಿ ಹಾಳುಮಾಡಿದಿರಿ, ಅದರಿಂದ ಎಲ್ಲರಿಗೂ ಒಳ್ಳೆಯದೇ ಆಯಿತು. ಇದಕ್ಕಿಂತ ದೊಡ್ಡ ಅವಮಾನವನ್ನು ಮಾಜಿ ನೌಕರರಿಗೆ ಯಾರು ತಾನೇ ಮಾಡಿಯಾರು?

ತಮ್ಮ ಇತರ ಸಾಧನೆಗಳನ್ನೂ ಹೊಗಳದೆ ಇರಲಾರೆ. ತಮ್ಮ ಕೃಪೆಯಿಂದ ಈಗ ಬೀದಿಯಲ್ಲಿ ಸೊಟ್ಟ ಅಂಚಿನ ಉಡುಪು ಹಾಕಿಕೊಂಡು ಯಾರೂ ತಪ್ಪಿಸಿಕೊಳ್ಳುವಂತಿಲ್ಲ. ಅಜ್ಜಿ ಹಿಂದಿನಿಂದ ಹೋಗಿ ಹಿಡಿಯುತ್ತಾರೆ. "ನಿಲ್ಲಪ್ಪಾ, ಇದನ್ನ ಹೊಲಿದೋನು ಬಸ್ಸಲ್ಲಿ ಕೂತು ಹೊಲಿದಿದ್ದಾನೆ" ಎಂದು ಜಗ್ಗಿ ಸರಿಮಾಡಿ ಕಳಿಸುತ್ತಾರೆ. ದೊಡ್ಡ ಬಟ್ಟೆಯಂಗಡಿಯ ಬಾಗಿಲಲ್ಲಿ ಲೋಹ ಕಂಡರೆ ಕೂಗುವ ಯಂತ್ರವೊಂದಿದೆ. ತಮ್ಮನ್ನು ಕಂಡು ಅದು ಕೂಗಿತು. ಕಾವಲಿನವನು ಗಾಬರಿಯಿಂದ ಓಡಿಬಂದರೆ ಅಜ್ಜಿ, "ನೋಡಪ್ಪಾ, ನಾನು ಬಂದಿದ್ದಕ್ಕೆ ಬಾಗಿಲೇ ಹೇಳಿ ಕಳಿಸ್ತಿದೆ" ಎಂದು ಹಿಂದೆ ಹೋಗಿ, ಮತ್ತೆ ಬಂದು, ಇನ್ನೊಮ್ಮೆ ಕೂಗಿಸಿದರು. ಸಂಜೆಯಾದರೆ ಬ್ಯಾಟರಿ ತಾತನ ಜೊತೆ ಉದ್ಯಾನದ ಏರುದಾರಿ. ಒಂದು ದಿನ ನಾನು ಕಿಟಕಿಯಲ್ಲಿದ್ದಾಗ ಕೆಳಗೆ ಅವರು ಹೊರಡುತ್ತಾ ಮಾತಾಡಿಕೊಳ್ಳುತ್ತಿದ್ದರು. "ನನ್ನದು ಇಪ್ಪತ್ತು ವರ್ಷ. ನಿಮ್ಮ ಬ್ಯಾಟರಿ ಎಷ್ಟು ದಿನ ಬರುತ್ತೆ?" ಎಂದು ಅಜ್ಜಿ. "ಹತ್ತು ವರ್ಷ ಅಂದಿದ್ದಾರೆ. ಮುಗಿದ್ರೆ ಬೇರೆ ಹಾಕ್ತಾರಂತೆ" ಎಂದು ತಾತ. "ನೆನಪಿಟ್ಕೊಂಡು ಹಾಕಿಸ್ಕೊಳ್ಳಿ. ಆ ಏರು ನಾನು ಒಬ್ಬಳೇ ಹತ್ತೋಳಲ್ಲ" ಎಂದು ಅಜ್ಜಿ. ಮೊಮ್ಮಗಳ ಕಣ್ಣಲ್ಲಿ ಕಾರಣವಿಲ್ಲದೆ ನೀರು ತರಿಸಿದ ಈ ಅಪರಾಧವೂ ತಮ್ಮ ಲೆಕ್ಕಕ್ಕೇ ಸೇರಲಿ.

ಈಗ ನನ್ನ ಸ್ಥಿತಿಯನ್ನು ವಿಚಾರಿಸಬೇಕಾಗಿ ಪ್ರಾರ್ಥನೆ. ಇಷ್ಟು ವರ್ಷ ನಾನು ಯಾವ ಅಂಗಡಿಯ ಮೆಟ್ಟಿಲು ಹತ್ತಿದರೂ ನನ್ನ ಮೊದಲ ಮಾತು ಒಂದೇ: "ಅಜ್ಜಿ ಕೇಳಿದ್ರು". ಅಜ್ಜಿ ದಾರ ಕೇಳಿದ್ರು, ಅಜ್ಜಿ ಮಾತ್ರೆ ಕೇಳಿದ್ರು, ಅಜ್ಜಿ ಮೃದುವಾದ ಬ್ರೆಡ್ಡು ಕೇಳಿದ್ರು. ಆ ಎರಡು ಪದ ಬಾಯಲ್ಲಿದ್ದರೆ ನಾನು ಎಲ್ಲಿಗೆ ಬೇಕಾದರೂ ಹೋಗಿಬರುತ್ತಿದ್ದೆ. ಈಗ ಅಜ್ಜಿಯೇ ಹೋಗಿ ಕೇಳುತ್ತಾರೆ. ಹೋದ ವಾರ ನನಗೇ ತಲೆಗೆ ಹಾಕುವ ಪಿನ್ನು ಬೇಕಾಗಿ ದಾರ ಗುಂಡಿಯ ಅಂಗಡಿಯವರೆಗೆ ಹೋದೆ. "ಏನಮ್ಮಾ ಕಾಲು, ಅಜ್ಜಿ ಈಗಷ್ಟೇ ಬಂದು ಹೋದ್ರಲ್ಲ, ಇನ್ನೇನು ಬೇಕಂತೆ?" ಎಂದರು. ಏನೂ ಇಲ್ಲವೆಂದು ತಲೆಯಾಡಿಸಿ ಹಿಂದಿರುಗಿ, ಬಟ್ಟೆಗೆ ಚುಚ್ಚುವ ಪಿನ್ನನ್ನೇ ಕೂದಲಿಗೆ ಸಿಕ್ಕಿಸಿಕೊಂಡೆ. ಹೀಗಾಗಿ ನಾನೀಗ ಅಜ್ಜಿಯ ಕುರ್ಚಿಯಲ್ಲಿ ಕಿಟಕಿಯ ಪಕ್ಕ ಕೂತಿರುತ್ತೇನೆ. ಅಜ್ಜಿ ಕೆಳಗಿನಿಂದ ಬುಟ್ಟಿಯಲ್ಲಿ ನನಗೆ ಬಿಸಿ ಬ್ರೆಡ್ಡು ಇಟ್ಟು ಕಳಿಸುತ್ತಾರೆ. ಆಯಸ್ಸಿನ ಯಾವ ತುದಿಯಲ್ಲಿ ಯಾರಿದ್ದೇವೆ ಎಂಬುದೇ ತಿಳಿಯದ ಹಾಗಾಗಿದೆ.

ಇಷ್ಟಕ್ಕೇ ಬಿಟ್ಟಿದ್ದರೂ ಸಹಿಸಿಕೊಳ್ಳುತ್ತಿದ್ದೆ. ಆದರೆ ತಾವು ಅಜ್ಜಿಯನ್ನು ಸುತ್ತಾಡಿಸುತ್ತಾ ಎರಡು ಬೀದಿಯಾಚೆಯ ಸಾರ್ವಜನಿಕ ವಾಚನಾಲಯಕ್ಕೆ ಕರೆದೊಯ್ದಿದ್ದೀರಿ. ಓದಲು ಬಾರದ ಅಜ್ಜಿ ಒಳಗೆಲ್ಲ ಸುತ್ತಿ ಬಂದು, ಏದುಸಿರು ಬಿಡುತ್ತಾ ಮೂರು ಮಹಡಿ ಹತ್ತಿ, "ಅಲ್ಲಿ ಪೇಪರಿಗೆ ಯಾರೂ ಕತ್ತರಿ ಹಾಕಿಲ್ಲ ಕಣೇ. ಈ ಅಂಚಿಂದ ಆ ಅಂಚಿನವರೆಗೂ ಪೂರ್ತಿ ಇದೆ!" ಎಂದರು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಆದರೆ ಅಲ್ಲಿ ಸೇರಬೇಕಾದವರು ಖುದ್ದು ಹೋಗಿ ಮೇಜಿನ ಮುಂದೆ ನಿಂತು ಹೆಸರು ಹೇಳಬೇಕಂತೆ. ನೀವೇ ಹೋಗಿ ಹೇಳಿಬಿಡಿ ಅಜ್ಜಿ ಎಂದು ನಾನು ಅಂಗಲಾಚಿದೆ. ಬೀದಿಯ ಪ್ರತಿಯೊಬ್ಬರ ಅಂಚನ್ನೂ ಕೇಳದೆಯೇ ಎಳೆಯುವ ಅಜ್ಜಿ, ಇದೊಂದಕ್ಕೆ ಒಪ್ಪಲಿಲ್ಲ. ನನ್ನೆದುರು ಕೂತು, ತಮ್ಮ ಮೇಲೆ ಕೈಯಿಟ್ಟುಕೊಂಡು, ಯಾವತ್ತೂ ಇಲ್ಲದ ಮೆಲ್ಲನೆಯ ದನಿಯಲ್ಲಿ, "ನನ್ನ ಕಾಲು ಹೋದಾಗ ನಿನ್ನ ಕಾಲು ಇಸ್ಕೊಂಡೆ ಪುಟ್ಟಿ. ನನಗೀಗ ಹೊಸದು ಬಂತು. ನಿಂದು ನೀನು ವಾಪಸ್ ತಗೋ" ಎಂದರು. ಈ ಮಾತನ್ನು ಸೋಸಲು ನಾನು ಬಹಳ ಪ್ರಯತ್ನಪಟ್ಟೆ. ಅದರಲ್ಲಿ ಸೋಸುವಂಥದ್ದು ಏನೂ ಇರಲಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆಗಳು ಹೀಗಿವೆ. ತಾವು ಕೂಡಲೇ ರಾಜೀನಾಮೆ ಕೊಡಬೇಕು. ಅದಾಗದಿದ್ದರೆ ವಾರಕ್ಕೊಂದು ದಿನ ರಜೆ ತೆಗೆದುಕೊಳ್ಳಬೇಕು, ಅಥವಾ ಮೆಟ್ಟಿಲುಗಳನ್ನಾದರೂ ನನಗೆ ಬಿಟ್ಟುಕೊಟ್ಟು ಸಮತಟ್ಟಾದ ನೆಲವನ್ನು ತಾವು ನೋಡಿಕೊಳ್ಳಬೇಕು. ನನ್ನನ್ನು ಉಪ ಮೊಣಕಾಲಾಗಿ ನೇಮಿಸಿಕೊಂಡರೂ ಆದೀತು. ತಮ್ಮ ಇಪ್ಪತ್ತು ವರ್ಷದ ಬಾಳಿಕೆಯಲ್ಲಿ ಅರ್ಧವನ್ನು ಅಜ್ಜಿಯ ಹಲ್ಲಿಗೂ ಕಿವಿಗೂ ಹಂಚಿ, ನಾಲಿಗೆಗೆ ಮಾತ್ರ ಏನನ್ನೂ ಕೊಡಬಾರದು; ಅದು ಈಗಾಗಲೇ ನೂರು ವರ್ಷಕ್ಕೆ ಸಾಕಾಗುವಷ್ಟು ಗಟ್ಟಿಯಿದೆ. ಇವೆಲ್ಲ ಹೆಚ್ಚೆನಿಸಿದರೆ ಕೊನೆಯದಾಗಿ ಒಂದೇ ಒಂದು ಬೇಡಿಕೆ. ಒಂದು ದಿನ, ಒಂದೇ ಒಂದು ದಿನ, ತಾವು ಸ್ವಲ್ಪ ನೋಯಬೇಕು. ಜಾಸ್ತಿಯೇನೂ ಬೇಡ, ಅಜ್ಜಿ ದಾರಿಯಲ್ಲಿ ಕೂತು, "ಇವತ್ತು ನನ್ನ ಕೈಲಾಗಲ್ಲ, ನೀನೇ ಹೋಗಿ ಬಾ" ಎನ್ನುವಷ್ಟು. ನನ್ನ ಎರಡು ಪದಗಳು ನನಗೆ ಮರಳಿ ಸಿಕ್ಕಿದರೆ ಸಾಕು, ನಾನು ಎಲ್ಲಿಗೆ ಬೇಕಾದರೂ ಹೋದೇನು.

ಪತ್ರ ಮುಗಿಸುವ ರೀತಿ ಗೊತ್ತಿಲ್ಲವೆಂದಿದ್ದೆ. ಮಗುವಿನ ಅಂಗಿಯ ಕಾಲರಿನ ಅಳತೆಯ ಕಾಗದವೊಂದರಲ್ಲಿ ಯಾವುದೋ ಪತ್ರದ ಬಾಲ ಮಾತ್ರ ಉಳಿದಿತ್ತು. ಅದರಲ್ಲಿದ್ದದ್ದನ್ನೇ ಇಲ್ಲಿ ಹೊಲಿಯುತ್ತಿದ್ದೇನೆ.

ತಮ್ಮ ವಿಶ್ವಾಸಿ,
ಅಜ್ಜಿಯ ಮಾಜಿ ಕಾಲು

ಮರೆತ ಮಾತು: ಇಲ್ಲಿಂದ ಶಾಯಿಯ ಬಣ್ಣ ಬೇರೆಯಾಗಿದೆ, ಅದಕ್ಕೂ ಕ್ಷಮೆಯಿರಲಿ. ಇದು ಕೇಳಿ ಪಡೆದ ಪೆನ್ನು.

ನನ್ನ ಕೊನೆಯ ಬೇಡಿಕೆಯನ್ನು ಇಷ್ಟು ಬೇಗ ಈಡೇರಿಸಿದ್ದಕ್ಕೆ ಧನ್ಯವಾದಗಳನ್ನು ಹೇಳಬೇಕೆಂದಿದ್ದೆ. ಇವತ್ತು ಬೆಳಗ್ಗೆ ಅಜ್ಜಿ, ಒಂದು ಸುತ್ತು ಗಾಳಿ ಸೇವಿಸಿ ಬರೋಣವೆಂದು ನನ್ನನ್ನು ಹೊರಡಿಸಿಕೊಂಡು ಬಂದರು. ಈ ವಾಚನಾಲಯದ ಮೆಟ್ಟಿಲ ಬಳಿ ಬಂದದ್ದೇ ತಮ್ಮನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಕೂತುಬಿಟ್ಟರು. "ಅಯ್ಯೋ, ಯಾಕೋ ಹಿಡ್ಕೊಂತು ಕಣೇ. ನನ್ನ ಕೈಲಾಗಲ್ಲ, ನೀನೇ ಹೋಗಿ ಬಾ. ಇವತ್ತಿನ ಪೇಪರಿನಲ್ಲಿ ಏನಿದೆ ನೋಡ್ಕೊಂಡು ಬಂದು ಹೇಳು" ಎಂದು ನರಳಿದರು. ನನ್ನ ಕಾಲಿಗೆ ಹಳೆಯ ಹುರುಪು ಬಂತು. ಒಂದೇ ಉಸಿರಿಗೆ ಒಳಗೆ ಹೋಗಿ, ಮೇಜಿನ ಹಿಂದೆ ಕೂತಿದ್ದ ಮೇಡಂ ತಲೆಯೆತ್ತಿದ ಕೂಡಲೇ, "ಅಜ್ಜಿ ಕೇಳಿದ್ರು" ಎಂದು ಶುರು ಮಾಡಿ, ಹೊರಗೆ ಕೂತಿದ್ದ ಅವರನ್ನು ತೋರಿಸೋಣವೆಂದು ಕಿಟಕಿಯ ಕಡೆ ತಿರುಗಿದೆ.

ಮೆಟ್ಟಿಲ ಬಳಿ ಯಾರೂ ಇರಲಿಲ್ಲ. ಬೀದಿಯ ತುದಿಯ ಏರಿನಲ್ಲಿ ಬ್ಯಾಟರಿ ತಾತ ಹಿಂದೆ ಬೀಳುತ್ತಿದ್ದರು, ಅಜ್ಜಿ ಮುಂದಿದ್ದರು. ಅಷ್ಟು ದೂರದಿಂದಲೂ ತಾವು ಸೊಗಸಾಗಿ ಬಾಗುತ್ತಿದ್ದದ್ದು ಕಾಣಿಸುತ್ತಿತ್ತು. ಇಪ್ಪತ್ತು ವರ್ಷದ ಬಾಳಿಕೆಯವರು, ಇಷ್ಟು ಬೇಗ ಸುಳ್ಳು ಸಾಕ್ಷಿ ಹೇಳಲು ಕಲಿಯುತ್ತೀರೆಂದು ನಾನು ಎಣಿಸಿರಲಿಲ್ಲ. ಬಲಗಡೆಯವರನ್ನೂ ಬದಲಿಸುವ ಮಾತು ಮನೆಯಲ್ಲಿ ನಡೆದಿದೆ. ಬರುವವರು ತಮ್ಮಂಥವರಾಗದಿರಲಿ ಎಂದು ಈಗಲೇ ಆಕ್ಷೇಪಣೆ ದಾಖಲಿಸುತ್ತಿದ್ದೇನೆ.

ಮೇಡಂ ಇನ್ನೂ ಕಾಯುತ್ತಿದ್ದರು. "ಅಜ್ಜಿಗಾ?" ಎಂದು ಕೇಳಿದರು.

"ಅಲ್ಲ, ನನಗೆ" ಎಂದೆ.

ಹೆಸರು ಕೇಳಿದರು. ಹೇಳಿದೆ.